ಮಿಲ್ಹ್ ಅಂದರೆ ಉಪ್ಪು

ಸೂರಿನ ಈ ಬಕಾಲಕ್ಕೆ ನಾನು ಸೇರಿದ ವಾರ
ಫೋನೆತ್ತಿದರೆ ಬರುತ್ತಿದ್ದದ್ದು ಮಾತಲ್ಲ, ಹಗ್ಗ.
ಗಂಟಿಲ್ಲ, ತುದಿಯಿಲ್ಲ,
ದೋಣಿ ಕಟ್ಟುವ ಅಂಗಳದಲ್ಲಿ ನಾಲ್ವರು ಎಳೆಯುತ್ತಾರಲ್ಲ, ಅಂಥದ್ದು.
ನೀಲಿ ಬಾಗಿಲಿನ ಮನೆಯ ಉಮ್ಮು ಹಿಲಾಲ್
ಜಿಬ್ಲೀಖುಬ್ಜ್‌ವಲೂಮಿವಸಿತ್ತಬೈದಾತ್
ಅಂತ ಒಂದೇ ಉಸಿರಿಗೆ ಎಸೆದು
ಇಟ್ಟೇಬಿಡುವಳು.
ನನಗೆ ಬರುತ್ತಿದ್ದದ್ದು ‘ನಅಮ್’ ಒಂದೇ.
ಹೌದಮ್ಮಾ. ಏನೋ ಒಂದು, ಹೌದು.

ಗಂಗೊಳ್ಳಿಯಿಂದ ಅಬ್ಬಿ ಮಾತಾಡಿದರೆ
‘ಉಂಡ್’ ಅನ್ನುವಷ್ಟರಲ್ಲಿ ನನ್ನ ತಲೆ ‘ಉಂಡೆ’ ಅಂದಿರುತ್ತದೆ.
ನಮ್ಮ ಕಡೆಯವರು ಮಾತಿನ ಬಾಲ ಕತ್ತರಿಸಿಯೇ ಮಾರುವವರು;
ಉಳಿದದ್ದನ್ನು ಕೇಳುವವನೇ ಹಚ್ಚಿಕೊಳ್ಳಬೇಕು.
ಹಿಂದಿಗೆ ಅರ್ಧ ಹೆಜ್ಜೆ ಹಿಂದೆ ಬೀಳುತ್ತೇನೆ.
ಅರಬ್ಬಿಯಲ್ಲೋ, ಮೊದಲ ಶಬ್ದವನ್ನು ಮಗುಚಿ ನೋಡುವಾಗ
ನಾಲ್ಕನೆಯದು ರಸ್ತೆ ದಾಟಿರುತ್ತಿತ್ತು.

ಒಂದು ದಿನ ಹಗ್ಗದ ನಡುವೆ ಥಟ್ಟನೆ ಹೊಳೆಯಿತು: ಮಿಲ್ಹ್!
ಗೆದ್ದೆ ಅಂದುಕೊಂಡು
ಎರಡು ಡಬ್ಬಿ ಹಾಲು ಸೈಕಲ್ಲಿಗೆ ಕಟ್ಟಿ ಓಡಿದೆ.
ಒಲೆಯ ಮೇಲೆ ಮೀನು ಕುದಿಯುತ್ತಿತ್ತು,
ಬೇಕಿದ್ದದ್ದು ಉಪ್ಪು.
ಬಾಗಿಲ ದಾರಂದ ಹಿಡಿದು ನಕ್ಕಳು, ಕೆಮ್ಮುವ ತನಕ.
ಹೆಸರು ಕೇಳಿದಳು. ಶೀನ ಅಂದೆ.
ಶೀನ್? ಅದು ಒಂದು ಅಕ್ಷರವಲ್ಲವೋ,
ಉಳಿದದ್ದನ್ನು ಊರಲ್ಲಿ ಬಿಟ್ಟು ಬಂದೆಯಾ?

‘ಹಿಡಿಯಲು ಹೋಗಬೇಡ,’ ಅಂದರು ಸಾಹುಕಾರ್ ಕುಂಞಾಮು,
‘ಬಲೆಯ ಹಾಗೆ ಸುಮ್ಮನೆ ಬಿದ್ದಿರು.’
ಬಿದ್ದಿದ್ದೆ.
ಯಾವ ತಿಂಗಳೋ ಗೊತ್ತಿಲ್ಲ, ಹಗ್ಗಕ್ಕೆ ತಾನಾಗಿ ಗಂಟು ಬಿದ್ದವು.
ಅವಳೇ ನಿಧಾನಿಸಿದಳೇನೋ ಅಂತ ನನ್ನ ಅನುಮಾನ;
ಅವಳು ಹಾಗೆಯೇ ಇದ್ದಳಂತೆ, ಮೊದಲಿನ ಹಾಗೆಯೇ.

ಆಮೇಲೆ ಎರಡು ತಿಂಗಳು ನೀಲಿ ಬಾಗಿಲಿನ ಫೋನಿಲ್ಲ.
ಬಲಗಡೆ ಬಿದ್ದುಹೋಯಿತು, ನಾಲಿಗೆಯೂ, ಅಂದರು.
ಒಂದು ಮಧ್ಯಾಹ್ನ ಗಂಟೆ ಬಾರಿಸಿತು. ಉಸಿರು.
‘ಖು’

ಫ್ರಿಜ್ಜು ಗುರುಗುಟ್ಟಿ ನಿಂತು ಮತ್ತೆ ಗುರುಗುಟ್ಟಿತು.

‘ಬ್ಜ್’

ನಂಬಿ, ನನಗೆ ತಿಳಿಯಲಿಲ್ಲ.
ಖು ಎಂದೊಡನೆ ನನ್ನ ತಲೆ ಶೆಲ್ಫಿನಿಂದ ಶೆಲ್ಫಿಗೆ ಓಡಿತ್ತು,
ಖುಬ್ಜೋ, ಖುದ್ರವೋ, ರೊಟ್ಟಿಯೋ, ತರಕಾರಿಯೋ,
ಕೊನೆಯ ತುಂಡು ಬಂದು ಮುಟ್ಟುವಾಗ
ಮೊದಲ ತುಂಡು ಅಂಗೈಯಲ್ಲಿ ಮಂಜುಗಡ್ಡೆಯ ಹಾಗೆ ಕರಗಿತ್ತು.
ವೇಗಕ್ಕೆ ಹೊಂದಿಕೊಳ್ಳಲು ಒಂದು ವರ್ಷ ಬೇಕಾಯಿತು ಸರಿ,
ಇದಕ್ಕೆ ಎಷ್ಟು?

ಹೊರಗೆ ಕಾರಿನ ಹುಡುಗರು ಹಾರ್ನ್ ಒತ್ತುತ್ತಾರೆ, ಕರಕ್ ಚಾಯ್ ಮೂರು!
ಒಬ್ಬನ ಮೊಬೈಲಿನಲ್ಲಿ ಯಾರದೋ ಮಾತು ದುಪ್ಪಟ್ಟು ಓಡುತ್ತ
ಗುಬ್ಬಿಗಳಂತೆ ಚಿಲಿಪಿಲಿ;
ಅವನಿಗೆ ಎಲ್ಲವೂ ತಿಳಿಯುತ್ತದೆ, ತಲೆಯಾಡಿಸುತ್ತಾನೆ.

ನಾನು ಹಾಲಿನ ಖಾಲಿ ಪೆಟ್ಟಿಗೆ ಹರಿದು
ಅದರ ಮೇಲೆ ಕನ್ನಡದಲ್ಲಿ ಬರೆದುಕೊಳ್ಳತೊಡಗಿದೆ.
ಖು. ಜಾಗ ಬಿಟ್ಟು, ಬ್ಜ್.
ಲೂ. ಮಿ.
ಅಕ್ಷರ ಕರಗುವುದಿಲ್ಲವಲ್ಲ.
ಊಹಿಸಿ ಮುಂದೆ ಹೋಗುವ ಚಾಳಿಗೆ ಪೆನ್ಸಿಲ್ಲೇ ಮೂಗುದಾರ;
ಅವಳ ಬಾಯಿಂದ ನಾನು ಕಿತ್ತುಕೊಂಡು ಹೇಳಿದರೆ
ಅವಳಿಗೆ ಸಿಟ್ಟು ಬರುತ್ತದೆ, ಫೋನು ಇಡುತ್ತಾಳೆ,
ಆ ‘ಟಪ್’ ಮಾತ್ರ ಹಳೆಯ ವೇಗದ್ದೇ.

ನಿನ್ನೆ ‘ಮಿ’ ಅಂದಳು.
ಕಾದೆ.
ರಟ್ಟಿನ ಮೇಲೆ ಮಿ. ಅದರ ಮುಂದೆ ಬಯಲು.
ಸಾಹುಕಾರರು ಕಣ್ಣಲ್ಲೇ ಏನೆಂದರು, ಕೈಯೆತ್ತಿ ತಡೆದೆ.
‘ಲ್ಹ್’ ಬಂತು, ಅದರ ಬೆನ್ನಿಗೇ
ಅರ್ಧ ಬಾಯಿಯ ನಗುವಿನ ಹಾಗೊಂದು ಸದ್ದು.

ಉಪ್ಪಿನ ಜೊತೆ ಎರಡು ಡಬ್ಬಿ ಹಾಲೂ ಕಟ್ಟಿದೆ.
ಎಡಗೈಯಲ್ಲಿ ದಾರಂದ ಹಿಡಿದು ನಿಂತಿದ್ದಳು.
ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ತುಟಿ ಎಳೆದಳು:
‘ಶೀ’
ಒಂದೇ ಅಕ್ಷರದ ಹೆಸರು ನನ್ನದು.
ಅದು ಮುಗಿಯುವ ತನಕ
ಬಿಸಿಲಲ್ಲಿ, ಸೈಕಲ್ಲು ಹಿಡಿದು, ನಿಂತಿದ್ದೆ.